ಅಪ್ಪ ಹಾರಿಸುತ್ತಿದ್ದ ಗೇರುಗಳು

ನಮ್ಮ ಮನೆಯಲ್ಲಿ ಎಲ್ಲರ ಬಾಯಿಂದಲೂ ಏನಾದರೊಂದು ಹೊರಗೆ ಬೀಳುತ್ತಿತ್ತು. ಆದರೆ ಹೇಸಿಗೆ ಎನ್ನುವ ಮಾತನ್ನು ಅವ್ವನ ಬಾಯಿಂದ ಬಿದ್ದದ್ದಕ್ಕೆ ಮಾತ್ರ ಬಳಸುತ್ತಿದ್ದರು. ಇಚಲಕರಂಜಿಯ ಪಕ್ಕದ ಕಬನೂರಿನ ಆ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಮಶೇರಿಯ ವಾಸನೆಯಿಂದ. ಅಪ್ಪನ ತಾಯಿ, ನಮ್ಮ ಆಯಿ, ತಂಬಾಕಿನ ಎಲೆಯನ್ನು ರೊಟ್ಟಿಯ ಹಂಚಿನ ಮೇಲೆ ಕಪ್ಪಗಾಗುವ ತನಕ ಹುರಿದು, ಅಂಗೈಯಲ್ಲಿ ಪುಡಿ ಮಾಡಿ, ಆ ಮಶೇರಿಯನ್ನು ಹಲ್ಲಿಗೆ ತಿಕ್ಕುತ್ತ ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಬೆರಳು ಒಸಡಿನ ಮೇಲೆ ಓಡಾಡುವ ಸಪ್ಪಳ ಅಡಿಗೆಮನೆಯ ತನಕ ಕೇಳುತ್ತಿತ್ತು. ಆಮೇಲೆ ಅದೇ ಹಂಚಿನ ಮೇಲೆ ರೊಟ್ಟಿ. ಅವ್ವ ಎಷ್ಟು ಬೂದಿ ಹಾಕಿ ಉಜ್ಜಿದರೂ ಮೊದಲ ರೊಟ್ಟಿಗೆ ತಂಬಾಕಿನ ನಾತ ಹತ್ತಿಯೇ ಇರುತ್ತಿತ್ತು. ಅದನ್ನು ಅವ್ವ ತಾನೇ ತಿನ್ನುತ್ತಿದ್ದಳು. ನಾವು ಜೈನರು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದೆವು, ಹೊತ್ತು ಮುಳುಗುವ ಮೊದಲೇ ಉಂಡು ತಟ್ಟೆ ತೊಳೆದಿಡುತ್ತಿದ್ದೆವು. ಆಯಿ ಬೇಳೆಯನ್ನು ಮೊರದಲ್ಲಿ ಹರವಿ, ಸಿಕ್ಕ ಹುಳವನ್ನು ಉಗುರಿನ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುವಳು. ಅದೇ ಆಯಿ ಉಗುಳಿದ ಕರಿ ರಸ ಬಚ್ಚಲಿನ ಇರುವೆ ಸಾಲಿನ ಮೇಲೆ ಹರಿದು, ಇರುವೆಗಳು ಅದರಲ್ಲಿ ಒದ್ದಾಡುವುದನ್ನು ನಾನು ಕೂತು ನೋಡಿದ್ದೇನೆ.

ಮನೆಯ ಹಿಂದೆ ತಗಡಿನ ಶೆಡ್ಡು. ಅದರೊಳಗೆ ಅಪ್ಪನ ಮಾಗಗಳು, ಕರೆಂಟಿನ ಮಗ್ಗಗಳು, ಹಗಲೂ ರಾತ್ರಿ ಖಟಖಟ ಎನ್ನುತ್ತಿದ್ದವು. ನೂಲಿನ ಪಿಂಜು ಬಾಗಿಲ ಸಂದಿಯಿಂದ ತೂರಿ ಬಂದು ಹಾಸಿಗೆಯ ಮೇಲೆ, ದೇವರ ಪಟದ ಮೇಲೆ, ಸಾರಿನ ಮೇಲೆ ಕೂರುತ್ತಿತ್ತು. ಸಾರಿನಲ್ಲಿ ಬೆರಳಾಡಿಸಿ ಪಿಂಜು ತೆಗೆದೇ ನಾವು ಅನ್ನ ಕಲಸುತ್ತಿದ್ದುದು. ಅದಕ್ಕೆ ನಾನು ಹೇಸಿದ್ದಿಲ್ಲ. ಹೇಸುತ್ತಿದ್ದುದು ಅಪ್ಪನ ಡಬ್ಬಿಗೆ. ಎಣ್ಣೆಯ ಡಬ್ಬಿಯನ್ನು ಅರ್ಧಕ್ಕೆ ಕತ್ತರಿಸಿ, ಅದರೊಳಗೆ ಒಂದಿಷ್ಟು ಬೂದಿ ಹಾಕಿ, ಅಪ್ಪ ಊಟದ ಮಣೆಯ ಎಡಕ್ಕೆ ಇಟ್ಟುಕೊಳ್ಳುತ್ತಿದ್ದ. ಊಟ ಮುಗಿಯುವುದೇ ತಡ, ತಟ್ಟೆ ಎತ್ತುವ ಮೊದಲೇ, ಸುಣ್ಣ ತಿಕ್ಕಿದ ತಂಬಾಕು ತುಟಿಯೊಳಗೆ ಹೋಗುತ್ತಿತ್ತು. ನಾವಿನ್ನೂ ಉಣ್ಣುತ್ತಿರುವಾಗ ಅವನು ಬಾಗಿ ಉಗುಳುತ್ತಿದ್ದ. ಸಂಜೆ ಆ ಡಬ್ಬಿಯನ್ನು ಖಾಲಿ ಮಾಡುವ ಕೆಲಸ ಅವ್ವನದು. ಸೆರಗನ್ನು ಮೂಗಿಗೆ ಒತ್ತಿಕೊಂಡು, ಮುಖ ಬೇರೆ ಕಡೆ ತಿರುಗಿಸಿ, ಕೈಯನ್ನು ದೂರ ಹಿಡಿದು ಆಕೆ ಹಿತ್ತಲಿಗೆ ಹೋಗುತ್ತಿದ್ದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ.

ಅಂಥ ಮನೆಗೆ ಒಂದು ಕಾರು ಬಂತು. ಯಾರೋ ವ್ಯಾಪಾರಿ ಓಡಿಸಿ ಬಿಟ್ಟ ಹಳೆಯ ಬಿಳಿ ಕಾರು. ಗೇರಿನ ದಂಡ ಸ್ಟೇರಿಂಗಿನ ಪಕ್ಕಕ್ಕೇ ಇತ್ತು. ಅಪ್ಪ ಯಾರ ಕಡೆಯೂ ಕಲಿಯಲಿಲ್ಲ. ಶೆಡ್ಡಿನ ಹಿಂದಿನ ಬಯಲಿನಲ್ಲಿ ಕೆಲವು ದಿನ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಕುಣಿಸಿ, ಬಂತು ಅಂದ. ದಿನಾ ಬೆಳಗ್ಗೆ ಅವ್ವನ ಹಳೆಯ ಸೀರೆಯ ತುಂಡು ನೆನೆಸಿ ಅದರ ಮೈ ಒರೆಸುತ್ತಿದ್ದ. ಮಕ್ಕಳ ತಲೆಯನ್ನೂ ಅಷ್ಟು ಮೆತ್ತಗೆ ಮುಟ್ಟಿದವನಲ್ಲ. ಆದರೆ ಒಳಗೆ ಕೂತು ಗಾಡಿ ಎಬ್ಬಿಸಿದನೋ, ಅವನ ಕೈ ಬೇರೆಯೇ ಆಗುತ್ತಿತ್ತು. ಒಂದನೆಯ ಗೇರು, ಎರಡನೆಯದು, ಆಮೇಲೆ ಮೂರನ್ನು ಬಿಟ್ಟು ಸೀದಾ ನಾಲ್ಕು. ಗಾಡಿಗೆ ಇನ್ನೂ ವೇಗ ಬಂದಿರುತ್ತಿರಲಿಲ್ಲ. ಎಂಜಿನ್ ಗಂಟಲಲ್ಲಿ ಏನೋ ಸಿಕ್ಕವರಂತೆ ಗುರುಗುಟ್ಟಿ, ಸೀಟು, ಗಾಜು, ನಮ್ಮ ಹಲ್ಲು ಎಲ್ಲವನ್ನೂ ನಡುಗಿಸುತ್ತಿತ್ತು. ಏರಿನಲ್ಲಿ ಇನ್ನೇನು ನಿಂತೇ ಹೋಗುತ್ತದೆ ಅನ್ನುವಾಗ ನಾಲ್ಕರಿಂದ ಒಮ್ಮೆಲೇ ಎರಡಕ್ಕೆ ಎಳೆದು ಕ್ಲಚ್ಚಿನಿಂದ ಕಾಲು ತೆಗೆಯುತ್ತಿದ್ದ. ಹಿಂದೆ ಕೂತ ನಮ್ಮ ಹಣೆ ಮುಂದಿನ ಸೀಟಿಗೆ ಬಡಿಯುತ್ತಿತ್ತು. ಅಣ್ಣ ಒಮ್ಮೆ ಮೂರನೆಯದು ಯಾಕೆ ಬೇಡ ಎಂದು ಕೇಳಿದ.

“ಮೂರನೇದ ಕಲಿಯಾವ್ರಿಗೆ ಇರ್ತೈತಿ. ಎಷ್ಟ ಲಗೂ ನಾಕಕ್ಕ ಹೋತು, ಅಷ್ಟ ಪೆಟ್ರೋಲ್ ಉಳೀತು. ಗಾಡಿ ನಾ ಹೇಳಿದಂಗ ಕೇಳಬೇಕು, ನಾ ಗಾಡಿ ಹೇಳಿದಂಗ ಅಲ್ಲ.”

ಮೊದಲ ಪ್ರಯಾಣ ಅವ್ವನ ತವರಿಗೆ, ಗಡಹಿಂಗ್ಲಜಕ್ಕೆ. ಮುಂದೆ ಅಪ್ಪ ಮತ್ತು ಅಣ್ಣ. ಹಿಂದೆ ಆಯಿ, ಅವ್ವ, ಅಪ್ಪನ ಸೀಟಿನ ಬೆನ್ನಿಗೆ ನಾನು. ಅಪ್ಪ ಓಡುವ ಗಾಡಿಯ ಕಿಟಕಿಯಿಂದ ತಲೆ ಹಾಕಿ ಉಗುಳಿದಾಗಲೆಲ್ಲ ಗಾಳಿ ಅದನ್ನು ಹಿಂದಕ್ಕೆ ತಂದು ನನ್ನ ಕೆನ್ನೆಯ ಮೇಲೆ ಸಿಂಪಡಿಸುತ್ತಿತ್ತು. ಒರೆಸಿಕೊಂಡರೆ ಬೆರಳಿಗೆ ಕಂದು ಬಣ್ಣ. ಕಿಟಕಿ ಏರಿಸೋಣವೆಂದರೆ ಒಳಗೆ ಮಶೇರಿ, ಪೆಟ್ರೋಲು, ಆಯಿಯ ತಲೆಗೆ ಹಚ್ಚಿದ ಎಣ್ಣೆ ಎಲ್ಲ ಸೇರಿ ಉಸಿರು ಕಟ್ಟುತ್ತಿತ್ತು. ನಿಪ್ಪಾಣಿ ದಾಟಿ ತವಂದಿ ಘಾಟು ಏರುವಾಗ ಅಪ್ಪ ನಾಲ್ಕರಿಂದ ಎರಡಕ್ಕೆ ಎಳೆದ. ಅವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಿಲ್ಲಿಸಿ ಎನ್ನಲು ಬಾಯಿ ತೆರೆದಳು, ಮಾತಿನ ಬದಲು ವಾಂತಿ ಬಂತು. ಸೀರೆಯ ಮಡಿಲಲ್ಲಿ ಹಿಡಿದುಕೊಂಡಳು, ಸೀಟಿಗೂ ಹತ್ತಿತು. ಅಪ್ಪ ಗಾಡಿ ನಿಲ್ಲಿಸಲಿಲ್ಲ. ಆ ವಾಸನೆಯೊಳಗೇ ಸಂಕೇಶ್ವರ ಬಂತು, ಗಡಹಿಂಗ್ಲಜ ಬಂತು. ಅಜ್ಜಿ ಆರತಿ ಹಿಡಿದು ಬಾಗಿಲಿಗೆ ಬಂದಿದ್ದಳು, ಓಣಿಯವರೆಲ್ಲ ಹೊಸ ಕಾರು ನೋಡಲು ನಿಂತಿದ್ದರು. ಅಪ್ಪ ಇಳಿದವನೇ ಅವ್ವನ ತಮ್ಮನಿಗೆ, ನಮ್ಮ ಮಾಮಾನಿಗೆ, ಎಲ್ಲರಿಗೂ ಕೇಳುವಂತೆ ಹೇಳಿದ.

“ನಿಮ್ಮಕ್ಕ ಗಾಡಿ ಪೂರಾ ಹೊಲಸ ಮಾಡ್ಯಾಳ ನೋಡ್ರಿ. ಒಂದ ಕೊಡ ನೀರ ತರಸ್ರಿ. ಏನ ಹೇಸಿ ಹೆಣಮಗಳರಿ ಇಕಿ!”

ಹಾಗೆ ಹೇಳುವಾಗ ಅವನ ತುಟಿಯ ಸಂದಿಯಿಂದ ತಂಬಾಕಿನ ರಸ ಗದ್ದಕ್ಕೆ ಇಳಿಯುತ್ತಿತ್ತು. ತವರಿಗೆ ಬಂದ ಅವ್ವ ತಾಯಿಯ ಕಾಲಿಗೆರಗುವ ಮೊದಲು ಕಾರಿನ ಸೀಟು ತೊಳೆದಳು. ಮಾಮಾ ನೀರು ಹಾಕಿದ, ಅವ್ವ ಉಜ್ಜಿದಳು, ಅಪ್ಪ ಕಟ್ಟೆಯ ಮೇಲೆ ಕೂತು ಅಲ್ಲಿ ಉಳಿದಿದೆ, ಇಲ್ಲಿ ಉಳಿದಿದೆ ಎಂದು ಬೆರಳು ತೋರಿಸಿದ. ಆಯಿಗಂತೂ ಆಡಿಕೊಳ್ಳಲು ಒಂದು ಮಾತು ಸಿಕ್ಕಿತು. ಮನೆಗೆ ಯಾರೇ ಬರಲಿ, ಸೊಸೆಯ ಸುದ್ದಿ ತೆಗೆದು ನಗುತ್ತಿದ್ದಳು.

“ನಮ್ಮ ಗಡಿಂಗ್ಲಜದಾಕಿ ಕಾರಿನ್ಯಾಗ ಕುಂತ್ಳು ಅಂದ್ರ ಕಾರಾಕ ಕುಂತ್ಳು ಅಂತನ ತಿಳೀರಿ.”

ಆಮೇಲಿನ ಪ್ರಯಾಣಗಳಿಗೆಲ್ಲ ಅವ್ವ ಉಪವಾಸ ಹೊರಡುತ್ತಿದ್ದಳು. ಲಿಂಬೆಹಣ್ಣು ಮೂಸಿದಳು, ಶುಂಠಿ ಕಚ್ಚಿಕೊಂಡಳು, ಸೀಟಿಗೆ ಹಳೆಯ ಗೋಣಿ ಹಾಸಿದರು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಹಳದಿ ನೀರು ಬರುತ್ತಿತ್ತು. ಕೊನೆಗೆ ಅಪ್ಪ ಒಂದು ವ್ಯವಸ್ಥೆ ಮಾಡಿದ. ಉಳಿದವರು ಕಾರಿನಲ್ಲಿ, ಅವ್ವ ಕೆಂಪು ಬಸ್ಸಿನಲ್ಲಿ. ನಾನು ಹಟ ಹಿಡಿದು ಅವ್ವನ ಜೊತೆ ಹೋಗತೊಡಗಿದೆ. ಬಸ್ಸಿನಲ್ಲಿ ಆಕೆ ಬೇರೆಯೇ ಹೆಂಗಸು. ಕಿಟಕಿಯ ಪಕ್ಕ ಕೂತು ಶೇಂಗಾ ಸುಲಿದು ತಿನ್ನುತ್ತಿದ್ದಳು, ಗುರುತಿಲ್ಲದವರ ಜೊತೆ ಮರಾಠಿಯಲ್ಲಿ ನಗುತ್ತ ಮಾತಿಗಿಳಿಯುತ್ತಿದ್ದಳು. ಅದೇ ಘಾಟು, ಅದೇ ತಿರುವು, ಆದರೆ ಆಕೆಗೆ ಒಂದು ತೇಗೂ ಬರುತ್ತಿರಲಿಲ್ಲ. ಯಾಕೆ ಎಂದು ಕೇಳಿದೆ.

“ಈ ಬಸ್ಸಿನಾಂವ ಒಂದೊಂದ ಪಾವಟಿಗಿ ಹತ್ತಿಸಿಕೋತ ಹೋಗ್ತಾನ. ನಿಮ್ಮಪ್ಪ ಜಗ್ಗಿ ಒಗೀತಾನ. ಮನಶ್ಯಾರು ಕುಂತಾರ ಅನ್ನೂದು ಗೊತ್ತಿದ್ದಾವ ಬ್ಯಾರೆ, ಚೀಲ ಹೇರ್ಕೊಂಡ ಹೊಂಟಾವ ಬ್ಯಾರೆ.”

“ಹಂಗಂತ ಅಪ್ಪಗ ಹೇಳಬಾರದೇನವಾ?”

“ಹೇಳೇನಿ. ನನ್ನ ಹೊಟ್ಟಿ ಸರಿ ಇಲ್ಲ ಅಂದ್ರು.”

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಗಡಹಿಂಗ್ಲಜದಿಂದ ಪಕ್ಕದ ಮನೆಗೆ ಫೋನು ಬಂತು. ಅಜ್ಜಿ ನೀರು ಕುಡಿಯುತ್ತಿಲ್ಲ, ಮಗಳ ಹೆಸರು ಕರೆಯುತ್ತಿದ್ದಾಳೆ. ಆ ವಾರ ಯಾವುದೋ ಮುಷ್ಕರದಿಂದ ಬಸ್ಸುಗಳು ನಿಂತಿದ್ದವು. ಅವ್ವ ಅಪ್ಪನ ಎದುರು ನಿಂತು ಸೆರಗಿನ ತುದಿ ತಿರುವುತ್ತ ಗಾಡಿಯಲ್ಲಿ ಬಿಟ್ಟು ಬರ್ರಿ ಅಂದಳು. ಆಕೆ ಅವನನ್ನು ಏನಾದರೂ ಕೇಳಿದ್ದನ್ನು ನಾನು ಅದಕ್ಕೂ ಮುಂಚೆ ಕಂಡ ನೆನಪಿಲ್ಲ. ಅಪ್ಪ ಹಿಂದಿನ ದಿನವಷ್ಟೇ ಸೀಟಿಗೆ ಹೊಸ ಕವರು ಹಾಕಿಸಿದ್ದ. ಮುಖ ಗಂಟು ಹಾಕಿಕೊಂಡೇ ಒಪ್ಪಿದ. ತೊಡೆಯ ಮೇಲೆ ಒಂದು ಬಕೆಟ್ಟು ಇಟ್ಟುಕೊಂಡು ಕೂರಬೇಕು ಎಂದು ಹೇಳಿದ. ಅವ್ವ ಇಟ್ಟುಕೊಂಡಳು. ಇಚಲಕರಂಜಿಯಿಂದ ನಿಪ್ಪಾಣಿಯ ತನಕ ಕಣ್ಣು ಮುಚ್ಚಿ, ತುಟಿ ಬಿಗಿದು, ನಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದಳು. ನಾನು ಅವಳ ಬೆನ್ನು ಸವರುತ್ತಿದ್ದೆ. ಘಾಟಿನ ಏರು ಸುರುವಾಗುತ್ತಿದ್ದಂತೆ ಆಕೆ ಕಣ್ಣು ತೆರೆದಳು.

“ರೀ, ಇವತ್ತೊಂದ ದಿನ ಸಾವಕಾಶ ಹೊಡೀರಿ. ನಿಮ್ಮ ಕಾಲ ಬೀಳ್ತೇನಿ.”

“ನನಗ ಗಾಡಿ ಹೊಡ್ಯಾಕ ಕಲಸ್ತಿ ಏನ?”

ನಾಲ್ಕನೆಯ ಗೇರಿನಲ್ಲೇ ಏರಿದ. ಗಾಡಿ ಗುರುಗುಟ್ಟಿತು, ನಡುಗಿತು, ತಿರುವಿನಲ್ಲಿ ಸೋತಿತು. ಎರಡಕ್ಕೆ ಎಳೆದ. ಅವ್ವನ ಹಣೆ ಬಕೆಟ್ಟಿನ ಅಂಚಿಗೆ ಬಡಿಯಿತು, ಬಕೆಟ್ಟು ಉರುಳಿತು, ಬಂದದ್ದೆಲ್ಲ ಹೊಸ ಕವರಿನ ಮೇಲೆ. ಈ ಸಲ ಅಪ್ಪ ಗಾಡಿ ನಿಲ್ಲಿಸಿದ. ಇಳಿದು ಬಂದು ಹಿಂದಿನ ಬಾಗಿಲು ತೆಗೆದು, ಇಳಿ ಅಂದ. ಅವ್ವನ ಹಣೆಯಲ್ಲಿ ರಕ್ತ ಬಂದಿತ್ತು; ಅವನು ನೋಡಿದ್ದು ಸೀಟನ್ನು. ಅಣ್ಣ ಮುಂದೆಯೇ ಕೂತು ಮೂಗು ಹಿಡಿದುಕೊಂಡಿದ್ದ. ಅಪ್ಪ ರಸ್ತೆಗೆ ಒಮ್ಮೆ ಉಗುಳಿ, ಬಾಯಿ ಖಾಲಿ ಮಾಡಿಕೊಂಡು ಬೈಯಲು ಸುರು ಮಾಡಿದ. ಆ ಉಗುಳು ಅವ್ವನ ಚಪ್ಪಲಿಯ ಪಕ್ಕವೇ ಬಿದ್ದಿತ್ತು.

“ಈ ನಾತದಾಗ ನಾ ಮುಂದ ಬರೂದಿಲ್ಲ. ವಾಪಸ್ ಹೋಗೂಣು. ಗಾಡಿ ತೊಳ್ಯೂಣು. ನಾಳೆ ನೋಡೂಣು.”

“ನಮ್ಮವ್ವ ನಾಳಿ ತನಕ ಇರ್ತಾಳೋ ಇಲ್ಲೋ.”

“ಹಂಗಾರ ನಡಕೋತ ಹೋಗು.”

ಅವನು ಅದನ್ನು ಮಾತಿಗೆ ಅಂದದ್ದು. ಅವ್ವ ಅದನ್ನು ಮಾತೆಂದು ತೆಗೆದುಕೊಳ್ಳಲಿಲ್ಲ. ಒಳಗೆ ಕೈ ಹಾಕಿ ತನ್ನ ಬಟ್ಟೆಯ ಗಂಟು ತೆಗೆದುಕೊಂಡಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು, ಸಂಕೇಶ್ವರದ ದಿಕ್ಕಿಗೆ ನಡೆಯತೊಡಗಿದಳು. ನಾನೂ ಇಳಿದೆ. ಅಪ್ಪ ನನ್ನನ್ನು ಕೂಗಿದ, ಹತ್ತು ಅಂದ, ಕಾಲು ಮುರೀತೇನಿ ಅಂದ. ನಾನು ತಿರುಗಿ ನೋಡಲಿಲ್ಲ. ಬರುತ್ತಾನೆ, ಪಕ್ಕಕ್ಕೆ ತಂದು ನಿಲ್ಲಿಸುತ್ತಾನೆ ಎಂದೇ ನನಗೆ ಅನಿಸುತ್ತಿತ್ತು. ಬದಲಿಗೆ ಗಾಡಿ ತಿರುಗುವ ಸಪ್ಪಳ ಕೇಳಿಸಿತು. ಒಂದು, ಎರಡು, ಆಮೇಲೆ ಆ ಗುರುಗುಟ್ಟುವಿಕೆ. ಇಳಿಜಾರಿನಲ್ಲೂ ಅವನು ಮೂರನೆಯದನ್ನು ಹಾಕಲಿಲ್ಲ. ಹೆಂಡತಿ ಮತ್ತು ಮಗಳನ್ನು ಘಾಟಿನಲ್ಲಿ ಬಿಟ್ಟು ಅವನು ಸೀಟು ತೊಳೆಯಲು ಮನೆಗೆ ಹೋದ. ನನಗೆ ಆಗ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹೊಟ್ಟೆಯ ತಳದಿಂದ ಒಂದು ವಾಕರಿಕೆ ಎದ್ದಿತು. ಮನುಷ್ಯನನ್ನು ನೆನೆದರೆ ವಾಕರಿಕೆ ಬರಬಹುದು ಎಂದು ಆ ದಿನ ನನಗೆ ತಿಳಿಯಿತು.

ಮೆಣಸಿನಕಾಯಿ ಇಳಿಸಿ ಸಂಕೇಶ್ವರಕ್ಕೆ ವಾಪಸಾಗುತ್ತಿದ್ದ ಒಂದು ಟೆಂಪೋ ನಮ್ಮನ್ನು ಹತ್ತಿಸಿಕೊಂಡಿತು. ಹಿಂದೆ ಖಾಲಿ ಚೀಲಗಳ ಮೇಲೆ ಕೂತೆವು. ಮೆಣಸಿನ ಘಾಟಿಗೆ ಇಬ್ಬರೂ ಸೀನಿ ಸೀನಿ ಕಣ್ಣು ಮೂಗಲ್ಲಿ ನೀರು ಸುರಿಯಿತು. ಅವ್ವನಿಗೆ ವಾಂತಿ ಮಾತ್ರ ಬರಲಿಲ್ಲ. ಸಂಕೇಶ್ವರದಿಂದ ವಡಾಪ, ಸಿಕ್ಕವರನ್ನೆಲ್ಲ ತುಂಬಿಕೊಂಡು ಹೋಗುವ ಬಾಡಿಗೆ ಜೀಪು. ಅದರಲ್ಲಿ ಕುರಿ ಕಾಯುವವರ ನಡುವೆ, ಕಂಬಳಿಯ ವಾಸನೆಯಲ್ಲಿ ಒತ್ತಿಕೊಂಡು ಕೂತು ಗಡಹಿಂಗ್ಲಜ ಮುಟ್ಟಿದೆವು. ಅಜ್ಜಿ ಇದ್ದಳು. ಅವ್ವನ ಹಣೆಯ ಗಾಯ ಮುಟ್ಟಿ, ಏನಾತು ಅಂದಳು. ಬಾಗಿಲ ಬಡೀತು ಎಂದು ಅವ್ವ ಹೇಳಿದಳು. ಅವ್ವ ಚಮಚದಿಂದ ಹಾಕಿದ ಗಂಜಿಯನ್ನು ಅಜ್ಜಿ ಕೆಲವು ದಿನ ಕುಡಿದಳು, ಆಮೇಲೆ ಬಾಯಿ ಮುಚ್ಚಿದಳು. ಮಣ್ಣಿಗೆ ಅಪ್ಪ ಬಂದ. ಬಿಳಿ ಅಂಗಿ, ತೊಳೆದ ಕಾರು. ಎಲ್ಲ ಮುಗಿದ ಮೇಲೆ ಹಿಂದಿನ ಬಾಗಿಲು ತೆಗೆದು ನಿಂತ. ಅವ್ವ ಬಾಗಿಲ ತನಕ ಬಂದು, ಮಾಮಾ ಮತ್ತು ಮಾಮಿಯ ಎದುರಿಗೇ, ದನಿ ಏರಿಸದೆ ಹೇಳಿದಳು.

“ನೀವು ಹೋಗ್ರಿ. ಬಸ್ಸು ಸುರು ಆಗ್ಯಾವ. ಇನ್ನ ಮ್ಯಾಲೆ ಈ ಗಾಡ್ಯಾಗ ನಾ ಕುಂದ್ರೂದಿಲ್ಲ.”

ಕೂರಲಿಲ್ಲ. ಅಣ್ಣನ ಮದುವೆಗೆ ಕಾರು ಹೂವು ಮುಡಿದು ಬಾಗಿಲಲ್ಲಿ ನಿಂತಾಗಲೂ ಅವ್ವ ವರನ ತಾಯಿಯಾಗಿಯೂ ದಿಬ್ಬಣದ ಬಸ್ಸಿನಲ್ಲಿ ಹೋದಳು. ಅಪ್ಪ ಮೊದಮೊದಲು ಕೂಗಾಡಿದ, ಆಮೇಲೆ ಆಡಿಕೊಂಡ, ಆಮೇಲೆ ಅದನ್ನೂ ಅವಳ ಹೊಟ್ಟೆಯ ಬೇನೆಯ ಲೆಕ್ಕಕ್ಕೆ ಹಾಕಿ ಮರೆತ. ಘಾಟಿನ ಸುದ್ದಿಯನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಮುಂದೆ ಅವನ ಡಬ್ಬಿಯ ಎದುರು ಊಟಕ್ಕೆ ಕೂರಲಿಲ್ಲ. ತಟ್ಟೆ ತೆಗೆದುಕೊಂಡು ಅಡಿಗೆಮನೆಗೆ ಹೋಗಿ ಅವ್ವನ ಜೊತೆ ಉಣ್ಣುತ್ತಿದ್ದೆ.

ಓದು ಮುಗಿಸಿ ಕೊಲ್ಲಾಪುರದಲ್ಲಿ ನೌಕರಿ ಹಿಡಿದ ಮೇಲೆ ನಾನು ಡ್ರೈವಿಂಗ್ ಕ್ಲಾಸಿಗೆ ಸೇರಿದೆ. ಅವ್ವನನ್ನು ಕೂರಿಸಿಕೊಂಡು ಗಡಹಿಂಗ್ಲಜಕ್ಕೆ ಹೋಗಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಕಲಿಸುವವರು ವಯಸ್ಸಾದ ಮರಾಠಿ ಮನುಷ್ಯ, ಸಿಡುಕ. ಮೊದಲ ದಿನ ಶಿರೋಳಿಯ ಕಾರ್ಖಾನೆಗಳ ಹಿಂದಿನ ಖಾಲಿ ರಸ್ತೆಯಲ್ಲಿ ಗಾಡಿ ಎಬ್ಬಿಸಿದೆ. ಅವರು ಹೇಳುವ ಮೊದಲೇ ನನ್ನ ಎಡಗೈ ಒಂದರಿಂದ ಎದ್ದು ಸೀದಾ ಮೂರಕ್ಕೆ ಹೋಗಿ ಕೂತಿತು. ಗಾಡಿ ನಡುಗಿ ಸತ್ತಿತು.

“ದುಸ್ರಾ ಕುಠಂ ಗೇಲಾ, ಪೋರೀ?”

ಎರಡನೆಯದು ಎಲ್ಲಿ ಹೋಯಿತು? ಯಾರು ಕಲಿಸಿದರು ಹೀಗೆ ಎಂದು ಅವರು ಕೇಳಿದರು. ನನಗೆ ಯಾರೂ ಕಲಿಸಿರಲಿಲ್ಲ. ಅಪ್ಪನ ಬೆನ್ನಿಗೆ ಕೂತು, ಕೆನ್ನೆ ಒರೆಸಿಕೊಳ್ಳುತ್ತ, ನಾನು ಅವನ ಕೈಯನ್ನೇ ನೋಡಿದ್ದೆ. ಯಾವುದನ್ನು ಅಷ್ಟು ಹೇಸಿ ನೋಡಿದ್ದೆನೋ ಆ ಹಾರಿಸುವ ಚಾಳಿಯೇ ನನ್ನ ಕೈಯೊಳಗೆ ಬಂದು ಕೂತಿತ್ತು. ಆ ದಿನ ಕೋಣೆಗೆ ಬಂದು ಸಾಬೂನು ಹಚ್ಚಿ ಎಡಗೈ ತೊಳೆದೆ. ಹುಚ್ಚುತನ ಎಂದು ಗೊತ್ತಿತ್ತು, ಆದರೂ ತೊಳೆದೆ. ಮರುದಿನದಿಂದ ಪ್ರತಿ ಗೇರಿನ ಹೆಸರನ್ನು ಬಾಯಿಬಿಟ್ಟು ಹೇಳಿಕೊಂಡೇ ಹಾಕುತ್ತಿದ್ದೆ. ಕೈ ಪಳಗಿದ ಮೇಲೆ ಒಂದು ದಿನ ಅವರೇ ನಾಲ್ಕರಿಂದ ಎರಡಕ್ಕೆ ಹಾಕು ಅಂದಾಗ ನಾನು ಗಾಬರಿಯಾದೆ. ಹಾರಿಸುವುದೇ ತಪ್ಪಲ್ಲ ಎಂದರು ಅವರು. ಮೊದಲು ಬ್ರೇಕಿನಿಂದ ವೇಗ ಇಳಿಸು, ಗಾಡಿ ಎರಡಕ್ಕೆ ಸರಿಯಾಗುವಷ್ಟು ಸಾವಕಾಶವಾಗಲಿ, ಆಮೇಲೆ ಕ್ಲಚ್ಚನ್ನು ಮೆಲ್ಲಗೆ ಬಿಡು, ನಡುವಿನದು ಬೇಕಾಗುವುದಿಲ್ಲ. ಹಾಕಿ ನೋಡಿದೆ. ಗಾಡಿ ಮಿಸುಕಲಿಲ್ಲ. ನನಗೆ ಸಮಾಧಾನವಾಗುವ ಬದಲು ಮತ್ತಷ್ಟು ಅಸಹ್ಯವಾಯಿತು. ಇಷ್ಟು ಸಣ್ಣ ಮಾತು! ಒಂದು ಕ್ಷಣ ಕಾಲು ಬ್ರೇಕಿನ ಮೇಲೆ ಇಟ್ಟಿದ್ದರೆ ಸಾಕಿತ್ತು.

ನಾನು ಸ್ವಂತ ಕಾರು ಕೊಂಡಾಗ ಆಯಿ ತೀರಿಹೋಗಿದ್ದಳು, ಅಪ್ಪ ಕಣ್ಣು ಮಂಜಾಗಿ ತನ್ನ ಗಾಡಿ ಮಾರಿದ್ದ. ಮಾಮಾನ ಮೊಮ್ಮಗಳ ಹೆಸರಿಡುವ ದಿನ ನಾನು ಕಬನೂರಿಗೆ ಹೋಗಿ ಅವ್ವನಿಗೆ ಮುಂದಿನ ಬಾಗಿಲು ತೆಗೆದೆ. ಆಕೆ ಸುಮಾರು ಹೊತ್ತು ಸೀಟನ್ನು ನೋಡಿದಳು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಹತ್ತಿದಳು. ಅಪ್ಪ ಕಟ್ಟೆಯಿಂದ ಎದ್ದು ನಾನೂ ಬರುತ್ತೇನೆ ಅಂದ. ಬಾಯಿ ತೊಳೆದುಕೊಂಡು ಬನ್ನಿ ಅಂದೆ. ಗೊಣಗುತ್ತ ತೊಳೆದುಕೊಂಡು ಬಂದು ಹಿಂದೆ ಕೂತ. ದಾರಿಯುದ್ದಕ್ಕೂ ಅವನ ಉಸಿರು ನನ್ನ ಕುತ್ತಿಗೆಗೆ ಬಡಿಯುತ್ತಿತ್ತು, ತೊಳೆದರೂ ಹೋಗದ ಆ ತಂಬಾಕಿನ ನಾತ. ಎಷ್ಟು ಹೊತ್ತು ಗಾಡಿಯನ್ನು ಮೂರರಲ್ಲಿ ಅಳಿಸುತ್ತಿ, ನಾಲ್ಕಕ್ಕೆ ಹಾಕು ಎಂದು ಕಾಗಲದ ತನಕ ಹೇಳಿದ, ನಿಪ್ಪಾಣಿಯ ತನಕ ಹೇಳಿದ. ನಾನು ಗಾಡಿಗೆ ವೇಗ ಬಂದಾಗಲೇ ನಾಲ್ಕಕ್ಕೆ ಹಾಕಿದೆ. ಅವ್ವ ಕಣ್ಣು ಮುಚ್ಚಿದ್ದಳು. ಮಂತ್ರವೋ ನಿದ್ದೆಯೋ ತಿಳಿಯಲಿಲ್ಲ.

ಘಾಟು ಈಗ ಅಗಲವಾಗಿದೆ, ಆದರೂ ಏರು ಏರೇ. ಒಂದು ತಿರುವಿನಾಚೆ ಕಬ್ಬು ಹೇರಿದ ಟ್ರ್ಯಾಕ್ಟರು ತೆವಳುತ್ತಿತ್ತು. ಬ್ರೇಕು ಹಾಕಿದೆ, ವೇಗ ಇಳಿಯಿತು, ಕೈ ನಾಲ್ಕರಿಂದ ಎರಡಕ್ಕೆ ಬಂತು, ಕ್ಲಚ್ಚನ್ನು ಮೆಲ್ಲಗೆ ಬಿಟ್ಟೆ. ಹಿಂದಿನಿಂದ ಅಪ್ಪ ನನ್ನ ಸೀಟಿನ ಬೆನ್ನಿಗೆ ಬಡಿದ.

“ಹಾರಿಸಿದ್ಯಲ್ಲ! ನಾಕರಿಂದ ಸೀದಾ ಎರಡಕ್ಕ! ಕಣ್ಣ ಮಂಜಾದ್ರೂ ನಾ ನೋಡೇನಿ. ಜನ್ಮ ಪೂರಾ ಎಲ್ಲಾರೂ ನನಗ ಗಾಡಿ ಹೊಡ್ಯಾಕ ಬರೂದಿಲ್ಲಂತ ಹೆಸರ ಇಟ್ರಿ. ಈಗ ನನ್ನ ಮಗಳೂ ನನ್ನಂಗನ ಹೊಡ್ಯಾಕತ್ತಾಳ.”

ಅವನು ನಗುತ್ತಿದ್ದ. ಕನ್ನಡಿಯಲ್ಲಿ ಆ ಕಂದು ಹಲ್ಲುಗಳು ಕಂಡವು. ಮೊದಲು ಬ್ರೇಕು ಹಾಕಿ ವೇಗ ಇಳಿಸಿದ್ದು ಅವನಿಗೆ ಕಂಡಿರಲಿಲ್ಲ. ಅವ್ವ ಕಣ್ಣು ತೆರೆದು ನನ್ನ ಕಡೆ ನೋಡಿದಳು.

“ಏನ ಹಾರಿಸಿದಿ?”

“ಗೇರ, ಅವ್ವಾ. ಮೂರನೇದು.”

“ಹೌದೇನ?” ಅಂದಳು ಅವ್ವ. “ನನಗ ಗೊತ್ತಽ ಆಗಲಿಲ್ಲ.”

ಹಿಂದಿನ ನಗು ನಿಂತಿತು. ಅವ್ವ ಮತ್ತೆ ಕಣ್ಣು ಮುಚ್ಚಿ ತಲೆಯನ್ನು ಸೀಟಿಗೆ ಒರಗಿಸಿದಳು.